ಎಡದಂಡೆಯ ನೀರೂ ಹಗಲಿನ ವಿದ್ಯುತ್ತೂ

ತುಂಗಭದ್ರೆಯ ಎಡದಂಡೆ ನಾಲೆಯಲ್ಲಿ ಸಿಂಧನೂರು ಸೀಮೆಯ ಗದ್ದೆಗಳತ್ತ ಹೊರಡುವ ನೀರು, ಜಲಾಶಯದ ಬುಡದಲ್ಲಿರುವ ಮುನಿರಾಬಾದಿನ ವಿದ್ಯುದಾಗಾರದ ಚಕ್ರಗಳನ್ನು ತಿರುಗಿಸಿ, ತನ್ನ ಪತನದಲ್ಲಿ ಅಡಗಿದ್ದ ಶಕ್ತಿಯನ್ನು ಅಲ್ಲಿಯೇ ನಾಡಿಗೆ ಒಪ್ಪಿಸಿ, ಅನಂತರ ಗಂಗಾವತಿ ಕಾರಟಗಿಗಳ ಸೀಮೆಯನ್ನು ದಾಟಿಕೊಂಡು ಸಾವಧಾನವಾಗಿ ಹರಿದುಬರುತ್ತದೆ. 1960ರ ದಶಕದ ಆದಿಭಾಗದಿಂದ ಈ ಕಾರ್ಯವನ್ನು ಮಾಡಿಕೊಂಡು ಬಂದಿರುವ ಆ ವಿದ್ಯುದಾಗಾರದ ಸಾಮರ್ಥ್ಯ 28 ಮೆಗಾವಾಟ್. ಇಂದಿನ ಲೆಕ್ಕದಲ್ಲಿ ಅದು ಅಲ್ಪವೆನಿಸಬಹುದಾದರೂ, ಹೊಗೆಯಿಲ್ಲದೆ, ಬೂದಿಯಿಲ್ಲದೆ, ಒಂದೇ ನೀರಿನಿಂದ ದೀಪವನ್ನೂ ಅನ್ನವನ್ನೂ ಪಡೆಯಬಹುದೆಂಬುದನ್ನು ಹಿಂದಿನ ತಲೆಮಾರಿನ ಎಂಜಿನಿಯರರು ನಮ್ಮ ಸೀಮೆಯಲ್ಲಿಯೇ ಮಾಡಿ ತೋರಿಸಿದ್ದರೆಂಬುದಕ್ಕೆ ಅದು ಇಂದಿಗೂ ಸಾಕ್ಷಿಯಾಗಿ ನಿಂತಿದೆ. ಆದರೆ 227 ಕಿಲೋಮೀಟರ್ ಉದ್ದದ ಆ ನಾಲೆಯಲ್ಲಿ ಮುಂದೆ ಮುಂದೆ ಸಾಗಿದಂತೆಲ್ಲ ನೀರು ಕ್ಷೀಣಿಸುತ್ತದೆ. ಕೊನೆಭಾಗದ ರೈತರಿಗೆ ತಲುಪಬೇಕಾದುದು ತಲುಪುವುದಿಲ್ಲ. ನಾಲೆಯ ಮಟ್ಟಕ್ಕಿಂತ ಮೇಲಿರುವ ಹೊಲಗಳಿಗೆ ಅದು ತಾನಾಗಿ ಏರುವುದಿಲ್ಲ. ಆಗ ಬೋರು ಕೊರೆಯಿಸಬೇಕು, ಹಳ್ಳಕ್ಕೆ ಮೋಟರು ಇಳಿಸಬೇಕು. ಇಳಿಯುವಾಗ ವಿದ್ಯುತ್ತನ್ನು ಕೊಟ್ಟ ನೀರೇ ಏರುವಾಗ ವಿದ್ಯುತ್ತನ್ನು ಬೇಡುತ್ತದೆ; ಹಾಗೆ ಬೇಡಿದ ವಿದ್ಯುತ್ತಿನ ದೊಡ್ಡ ಪಾಲು ಕಲ್ಲಿದ್ದಲನ್ನು ಸುಟ್ಟು ಬಂದುದಾಗಿರುತ್ತದೆ.

ಕಲ್ಲಿದ್ದಲು ಸುಡುವ ವಿಷಯದಲ್ಲಿ ರಾಯಚೂರು ಜಿಲ್ಲೆ ಕರ್ನಾಟಕಕ್ಕೆ ಮಾಡಿರುವ ಸೇವೆಯನ್ನು ಇನ್ನೊಂದು ಜಿಲ್ಲೆ ಮಾಡಿದೆಯೆಂದು ಹೇಳುವುದು ಕಷ್ಟ. ಕೃಷ್ಣಾತೀರದ ದೇವಸೂಗೂರಿನ ಬಳಿ, ಶಕ್ತಿನಗರದ ಶಾಖೋತ್ಪನ್ನ ಕೇಂದ್ರದ ಮೊದಲನೆಯ ಘಟಕ 1985ರಲ್ಲಿ ಚಾಲನೆಗೊಂಡಿತು. ಎಂಟು ಘಟಕಗಳಾಗಿ ಬೆಳೆದು ಅದರ ಸಾಮರ್ಥ್ಯ 1,720 ಮೆಗಾವಾಟಿಗೆ ಏರಿತು. ಆಮೇಲೆ ಯರಮರಸಿನಲ್ಲಿ 800 ಮೆಗಾವಾಟಿನ ಎರಡು ಘಟಕಗಳು ಬಂದವು. ದೂರದ ಗಣಿಗಳಿಂದ ರೈಲಿನಲ್ಲಿ ಬರುವ ಇದ್ದಲು ಇಲ್ಲಿ ಉರಿಯುತ್ತದೆ, ಕೃಷ್ಣೆಯ ನೀರು ಇಲ್ಲಿ ಕುದಿಯುತ್ತದೆ, ಹಾರುಬೂದಿ ಸುತ್ತಣ ಊರುಗಳ ಮಾಳಿಗೆಗಳ ಮೇಲೆ ಕೂರುತ್ತದೆ, ವಿದ್ಯುತ್ತು ಮಾತ್ರ ತಂತಿಯ ಮೇಲೆ ನಾಡಿನ ನಾಲ್ಕೂ ದಿಕ್ಕಿಗೆ ಹೋಗುತ್ತದೆ. ಇಷ್ಟಾದರೂ ಇದೇ ಜಿಲ್ಲೆಯ ವಳಕಮದಿನ್ನಿಯಂತಹ ಹಳ್ಳಿಗಳಲ್ಲಿ, ಮಸ್ಕಿ ಲಿಂಗಸುಗೂರುಗಳ ಬಯಲುಗಳಲ್ಲಿ, ರೈತನು ತ್ರಿಫೇಸಿಗಾಗಿ ರಾತ್ರಿಯೆಲ್ಲ ಕಣ್ಣುಬಿಟ್ಟು ಕುಳಿತಿರಬೇಕಾಗುತ್ತದೆಂಬುದು, ದೀಪದ ಬುಡದಲ್ಲಿ ಕತ್ತಲೆಯೆಂಬ ನಮ್ಮ ಗಾದೆಗೆ ಬೇರೆ ವ್ಯಾಖ್ಯಾನ ಬೇಡವೆನ್ನುವಂತೆ ಮಾಡಿದೆ.

ಶುದ್ಧ ವಿದ್ಯುತ್ತಿನ ಮಾತು ಈಗ ಎಲ್ಲೆಡೆಯೂ ಕೇಳಿಬರುತ್ತಿದೆ. ಕೇಳಿಬರುತ್ತಿರುವುದು ಸಂತೋಷದ ವಿಷಯವೇ ಸರಿ. ಆದರೆ ಆ ಮಾತು ಸಾಮಾನ್ಯವಾಗಿ ಎಷ್ಟು ಮೆಗಾವಾಟಿನ ಸೌರಫಲಕಗಳನ್ನು ಹಾಕಿದೆವು, ಎಷ್ಟು ಗಾಳಿಯಂತ್ರಗಳನ್ನು ನಿಲ್ಲಿಸಿದೆವು ಎಂಬ ಉತ್ಪಾದನೆಯ ಲೆಕ್ಕದಲ್ಲಿ ಆರಂಭವಾಗಿ ಅದರಲ್ಲಿಯೇ ಪರ್ಯವಸಾನ ಹೊಂದುತ್ತದೆ. ಉತ್ಪನ್ನವಾದ ವಿದ್ಯುತ್ತು ಯಾವ ಯಂತ್ರದೊಳಗೆ ಹೋಗುತ್ತದೆ, ಅಲ್ಲಿ ಎಷ್ಟು ಕೆಲಸ ಮಾಡುತ್ತದೆ, ಎಷ್ಟು ಬರಿಯ ಶಾಖವಾಗಿ ವ್ಯರ್ಥವಾಗುತ್ತದೆ ಎಂಬ ಪ್ರಶ್ನೆಯನ್ನು ಕೇಳುವವರು ವಿರಳ. ಸಿಂಧನೂರು, ಮಸ್ಕಿ, ಲಿಂಗಸುಗೂರು ಎಂಬ ನಮ್ಮ ಮೂರು ತಾಲ್ಲೂಕುಗಳ ಮಟ್ಟಿಗೆ ಈ ಕ್ರಮವು ತಲೆಕೆಳಗಾಗಬೇಕೆಂಬುದು, ಮೊದಲು ಮೋಟರು, ಆಮೇಲೆ ಫಲಕ ಎಂಬ ನಿಯಮವನ್ನು ಸರ್ಕಾರವೂ ವಿದ್ಯುತ್ ಕಂಪನಿಯೂ ರೈತರೂ ಒಪ್ಪಿಕೊಳ್ಳಬೇಕೆಂಬುದು, ಈ ಲೇಖನದ ಪ್ರತಿಪಾದನೆ.

ಇದು ಹೊಸ ವಿಚಾರವಲ್ಲ. ಕರ್ನಾಟಕದ ಮಣ್ಣಿನಲ್ಲಿಯೇ ಹುಟ್ಟಿ ಲೋಕದ ಗೌರವವನ್ನು ಪಡೆದ ವಿಚಾರ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಸ್ತ್ರ ಎಂಬ ಗ್ರಾಮೀಣ ತಂತ್ರಜ್ಞಾನದ ಕೇಂದ್ರ ಆರಂಭವಾಗಲು ಕಾರಣರಾದ ಅಮೂಲ್ಯ ಕುಮಾರ್ ಎನ್. ರೆಡ್ಡಿಯವರು, ಜನರಿಗೆ ಬೇಕಾದುದು ವಿದ್ಯುತ್ತಲ್ಲ, ವಿದ್ಯುತ್ತಿನಿಂದ ಆಗುವ ಕೆಲಸ ಎಂಬ ಸರಳವಾದ, ಆದರೆ ಯೋಜನಾಕರ್ತರ ಗಮನಕ್ಕೆ ಬೀಳದೆ ಉಳಿದಿದ್ದ ಸತ್ಯವನ್ನು ತಮ್ಮ ಜೀವಮಾನವೆಲ್ಲ ಬೋಧಿಸಿದರು. ಮನೆಗೆ ಬೆಳಕು, ಮೇಲೆತ್ತಿದ ನೀರು, ಬೆಂದ ಅನ್ನ: ಇವು ಎಷ್ಟು ದೊರೆತವೆಂಬುದನ್ನು ಅಳೆಯದೆ, ಎಷ್ಟು ಯೂನಿಟ್ ಖರ್ಚಾಯಿತೆಂಬುದನ್ನೇ ಪ್ರಗತಿಯ ಮಾನದಂಡವಾಗಿ ಹಿಡಿದರೆ ಸೋರಿಕೆಯೂ ಪ್ರಗತಿಯೆಂದೇ ಎಣಿಕೆಯಾಗುತ್ತದೆಯೆಂಬುದು ಅವರ ವಾದದ ತಿರುಳು. 1980ರ ದಶಕದಲ್ಲಿ ಕರ್ನಾಟಕದ ವಿದ್ಯುತ್ ಬೇಡಿಕೆಗಾಗಿ ಅಧಿಕೃತವಾಗಿ ಸಿದ್ಧವಾದ ದೀರ್ಘಾವಧಿ ಯೋಜನೆಯನ್ನು ಅವರೂ ಅವರ ಸಹೋದ್ಯೋಗಿಗಳೂ ಪರಿಶೀಲಿಸಿ, ಅದೇ ಬೆಳಕನ್ನೂ ಅದೇ ನೀರಾವರಿಯನ್ನೂ ದಕ್ಷತೆಯ ಮಾರ್ಗದಲ್ಲಿ ಅದರ ಅರ್ಧಕ್ಕಿಂತಲೂ ಕಡಿಮೆ ವಿದ್ಯುತ್ತಿನಿಂದ ಸಾಧಿಸಬಹುದೆಂದು ಲೆಕ್ಕಹಾಕಿ ತೋರಿಸಿದರು.

ಅವರ ವಿಚಾರ ಕಾಗದದ ಮೇಲೆ ನಿಂತುದಲ್ಲ. ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಪುರ ಎಂಬ ಪುಟ್ಟ ಹಳ್ಳಿಯಲ್ಲಿ ಸಗಣಿಯ ಗೊಬ್ಬರಾನಿಲದ ಸಮುದಾಯ ಸ್ಥಾವರವನ್ನು ಅಸ್ತ್ರ ಮೊದಲು ಅಡುಗೆಯ ಅನಿಲಕ್ಕೆಂದು ಕಟ್ಟಿತು. ಎಲ್ಲರ ಒಲೆಗೆ ಸಾಲುವಷ್ಟು ಸಗಣಿ ಊರಿನಲ್ಲಿಲ್ಲವೆಂದು ಕಂಡಮೇಲೆ, ಊರವರೊಡನೆ ಕುಳಿತು ವಿಚಾರಮಾಡಿ, ಅದೇ ಅನಿಲದಿಂದ ಸಣ್ಣದೊಂದು ಎಂಜಿನ್ನನ್ನು ನಡೆಯಿಸಿ ಕುಡಿಯುವ ನೀರನ್ನೂ ಮನೆಯ ದೀಪವನ್ನೂ ಒದಗಿಸುವ ವ್ಯವಸ್ಥೆಗೆ 1987ರಲ್ಲಿ ಮಾರ್ಪಡಿಸಿತು. ಊರಿನ ಹುಡುಗರೇ ಅದನ್ನು ನಡೆಯಿಸಿದರು; ಸಗಣಿ ತಂದವರಿಗೆ ತೂಕಕ್ಕೆ ತಕ್ಕ ಪೈಸೆ ಸಂದಿತು; ಉಳಿದ ಬಗ್ಗಡ ಗೊಬ್ಬರವಾಗಿ ಅವರವರ ಹೊಲಕ್ಕೇ ಹಿಂತಿರುಗಿತು. ಆ ಸ್ಥಾವರ ಶಾಶ್ವತವಾಗಿ ಉಳಿಯಲಿಲ್ಲವೆಂಬುದು ನಿಜ. ಆದರೆ ಊರವರು ತಮ್ಮ ವಿದ್ಯುತ್ತಿನ ಲೆಕ್ಕವನ್ನು ತಾವೇ ಇಡಬಲ್ಲರೆಂಬುದು ಅಲ್ಲಿ ವರ್ಷಾನುವರ್ಷ ರುಜುವಾತಾಯಿತು.

ನಮ್ಮ ಸೀಮೆಗೆ ಬರೋಣ. ಇಲ್ಲಿ ವಿದ್ಯುತ್ತಿನಿಂದ ಆಗಬೇಕಾದ ಮುಖ್ಯ ಕೆಲಸ ನೀರನ್ನು ಎತ್ತುವುದು. ಕರ್ನಾಟಕದಲ್ಲಿ 30 ಲಕ್ಷಕ್ಕೂ ಮಿಕ್ಕಿದ ನೀರಾವರಿ ಪಂಪ್‌ಸೆಟ್ಟುಗಳಿವೆ. ರಾಜ್ಯದಲ್ಲಿ ಬಳಕೆಯಾಗುವ ವಿದ್ಯುತ್ತಿನ ಮೂರರಲ್ಲೊಂದು ಭಾಗಕ್ಕೂ ಹೆಚ್ಚು ಅವುಗಳ ಪಾಲು. ಆದುದರಿಂದ ಒಂದು ಪಂಪ್‌ಸೆಟ್ಟಿನ ಲೆಕ್ಕವನ್ನು ಕೊಂಚ ನಿಧಾನವಾಗಿ ನೋಡಬೇಕು. ಒಂದು ಲಕ್ಷ ಲೀಟರ್ ನೀರನ್ನು 30 ಮೀಟರ್, ಅಂದರೆ ಸುಮಾರು ನೂರು ಅಡಿ, ಮೇಲೆತ್ತಲು ಪ್ರಕೃತಿನಿಯಮದ ಪ್ರಕಾರ ಬೇಕಾಗುವ ವಿದ್ಯುತ್ತು 8 ಯೂನಿಟ್ಟಿಗಿಂತ ಸ್ವಲ್ಪ ಮೇಲೆ, ಅಷ್ಟೆ. ಯಾವ ಯಂತ್ರವೂ ಪೂರ್ಣವಾಗಿ ದಕ್ಷವಲ್ಲದ ಕಾರಣ, ಒಳ್ಳೆಯ ಪಂಪು, ಒಳ್ಳೆಯ ಮೋಟರು, ಸರಿಯಾದ ಅಳತೆಯ ಪೈಪು ಸೇರಿ ಶೇ. 50ರ ದಕ್ಷತೆ ಬಂದರೆ 16 ಅಥವಾ 17 ಯೂನಿಟ್ ಬೇಕು. ಆದರೆ ಹತ್ತಾರು ಬಾರಿ ವೈಂಡಿಂಗ್ ಮಾಡಿಸಿದ ಹಳೆಯ ಮೋಟರಿಗೆ ತೆಳುವಾದ ಪೈಪನ್ನೂ ಬಿಗಿಯಾದ ಫುಟ್‌ವಾಲ್ವನ್ನೂ ಕಟ್ಟಿದಲ್ಲಿ ಒಟ್ಟು ದಕ್ಷತೆ ಶೇ. 30ಕ್ಕೆ ಇಳಿಯುವುದು ಅಪರೂಪವೇನಲ್ಲ. ಆಗ ಅದೇ ನೀರಿಗೆ 27 ಯೂನಿಟ್ ಬೇಕಾಗುತ್ತದೆ. ಹೆಚ್ಚಾಗಿ ಹೋದ ಹತ್ತು ಹನ್ನೊಂದು ಯೂನಿಟ್ ವಿದ್ಯುತ್ತಿನಿಂದ ಒಂದು ಬಿಂದಿಗೆ ನೀರೂ ಮೇಲಕ್ಕೆ ಬರಲಿಲ್ಲ, ಒಂದು ಪೈರೂ ಹಸುರಾಗಲಿಲ್ಲ; ಅದಕ್ಕಾಗಿ ಉಷ್ಣಸ್ಥಾವರದಲ್ಲಿ ಯೂನಿಟ್ಟಿಗೆ ಸುಮಾರು 700 ಗ್ರಾಮಿನಂತೆ ಏಳೆಂಟು ಕಿಲೋ ಇದ್ದಲು ಮಾತ್ರ ಉರಿದುಹೋಯಿತು. ದಾರಿಯಲ್ಲಿ ತಂತಿಗಳು ನುಂಗಿದುದು ಈ ಲೆಕ್ಕದಲ್ಲಿ ಸೇರಿಲ್ಲ.

ಈ ನಷ್ಟ ಹೇಗೆ ಉಂಟಾಗುತ್ತದೆಂಬುದನ್ನು ತಿಳಿಯಬೇಕೆನ್ನುವವರು ಸಿಂಧನೂರಿನಂತಹ ಪೇಟೆಯ ಯಾವುದಾದರೊಂದು ಮೋಟರ್ ವೈಂಡಿಂಗ್ ಅಂಗಡಿಯ ಮುಂದೆ ಬೇಸಗೆಯಲ್ಲಿ ಸ್ವಲ್ಪಹೊತ್ತು ನಿಂತರೆ ಸಾಕು. ಬೈಕಿನ ಹಿಂದೆ ಹಗ್ಗಬಿಗಿದು ತಂದ ಮೋನೋಬ್ಲಾಕು, ಟ್ರ್ಯಾಕ್ಟರಿನಿಂದ ಇಳಿಸಿದ ಉದ್ದನೆಯ ಸಬ್‌ಮರ್ಸಿಬಲ್ಲು, ಕರಿಹತ್ತಿದ ಸ್ಟಾರ್ಟರ್ ಡಬ್ಬಿ ಇವೆಲ್ಲ ಕಟ್ಟೆಯ ಮೇಲೆ ಸಾಲಾಗಿ ಬಿದ್ದಿರುತ್ತವೆ. ಸುಟ್ಟ ತಂತಿಯನ್ನು ಸುಲಭವಾಗಿ ಕೀಳುವ ಸಲುವಾಗಿ ಸ್ಟೇಟರನ್ನು ಬೆಂಕಿಗೆ ಕೊಡುವ ರೂಢಿ ಅನೇಕ ಕಡೆಗಳಲ್ಲಿ ಉಂಟು. ಹಾಗೆ ಕಾಯಿಸಿದಾಗ ಒಳಗಿನ ಉಕ್ಕಿನ ತೆಳುತಗಡುಗಳನ್ನು ಒಂದರಿಂದೊಂದು ಬೇರ್ಪಡಿಸಿದ್ದ ಸೂಕ್ಷ್ಮಲೇಪವೂ ಸುಟ್ಟುಹೋಗಿ, ಮುಂದೆ ಆ ಮೋಟರು ಓಡಿದಾಗಲೆಲ್ಲ ತನ್ನ ಮೈಯಲ್ಲಿಯೇ ಹೆಚ್ಚು ಶಾಖವನ್ನು ಹುಟ್ಟಿಸಿಕೊಳ್ಳುತ್ತದೆ. ಹೊಸ ತಾಮ್ರದ ತಂತಿಯ ಗೇಜು ಒಂದಿಷ್ಟು ತೆಳುವಾದರೆ ನಷ್ಟ ಇನ್ನಷ್ಟು ಬೆಳೆಯುತ್ತದೆ. ಕೈಕುಶಲಿಯಾದ ಆ ಕೆಲಸಗಾರನ ಮೇಲೆ ತಪ್ಪು ಹೊರಿಸುವುದು ನ್ಯಾಯವಲ್ಲ. ನಾಳೆ ಬೆಳಗಾಗುವುದರೊಳಗೆ ನೀರು ಹಾಯದಿದ್ದರೆ ಪೈರು ಒಣಗುತ್ತದೆಂದು ರೈತನು ಎದುರಿನಲ್ಲೇ ಕುಳಿತಿರುವಾಗ, ಇರುವ ಸಲಕರಣೆಯಲ್ಲಿ ಅವನು ಮಾಡಬಹುದಾದುದನ್ನು ಮಾಡುತ್ತಾನೆ. ರೈತನ ಮೇಲೆಯೂ ಹೊರಿಸಲಾಗದು. ಲೈನಿನ ತುದಿಯಲ್ಲಿ ವೋಲ್ಟೇಜು ಕುಸಿದಾಗ ಅದೇ ಭಾರವನ್ನು ಹೊರಲು ಮೋಟರು ಹೆಚ್ಚು ಕರೆಂಟನ್ನು ಎಳೆದು ಸುಡುತ್ತದೆ, ಒಂದೇ ಟಿ.ಸಿ.ಗೆ, ಅಂದರೆ ಟ್ರಾನ್ಸ್‌ಫಾರ್ಮರಿಗೆ, ಮಿತಿಮೀರಿ ಸಂಪರ್ಕಗಳು ಸೇರಿದಾಗ ಟಿ.ಸಿ.ಯೇ ಸುಡುತ್ತದೆ. ಮುರುಕು ವ್ಯವಸ್ಥೆಯಲ್ಲಿ ಪ್ರತಿಯೊಬ್ಬನೂ ತನ್ನ ತನ್ನ ಪಾಲಿನ ವಿವೇಕವನ್ನು ನಡೆಯಿಸುತ್ತಿರುವಾಗ, ಎಲ್ಲರ ವಿವೇಕಗಳ ಮೊತ್ತವು ಅವಿವೇಕವಾಗಿ ಪರಿಣಮಿಸುತ್ತಿದೆ.

ಪರಿಹಾರವು ಅಜ್ಞಾತವಲ್ಲ. ಮಂಡ್ಯ ಜಿಲ್ಲೆಯ ಮಳವಳ್ಳಿ ಭಾಗದಲ್ಲಿಯೂ, ಉತ್ತರ ಕರ್ನಾಟಕದ ನಿಪ್ಪಾಣಿ ಬ್ಯಾಡಗಿಗಳಲ್ಲಿಯೂ, ವಿದ್ಯುತ್ ಕಂಪನಿಗಳು ಹಳೆಯ ಪಂಪ್‌ಸೆಟ್ಟುಗಳನ್ನು ತೆಗೆದು ದಕ್ಷವಾದ ಹೊಸ ಪಂಪ್‌ಸೆಟ್ಟುಗಳನ್ನು ಕೂರಿಸಿದ ಪ್ರಯೋಗಗಳನ್ನು ನಡೆಯಿಸಿವೆ; ಅಲ್ಲಿ ದೊರೆತ ಉಳಿತಾಯ ಮೂರರಲ್ಲೊಂದು ಭಾಗಕ್ಕಿಂತಲೂ ಮಿಗಿಲಾಗಿತ್ತು. ಅಂತಹ ಪ್ರಯೋಗ ಅಲ್ಲಿಂದ ಮುಂದಕ್ಕೆ ಹಬ್ಬಿ ರಾಜ್ಯದ ಸಾಮಾನ್ಯ ಪದ್ಧತಿಯಾಗದೆ ಹೋದುದು ವಿಷಾದದ ಸಂಗತಿ. ಸೌರಫಲಕಕ್ಕೆ ಉದ್ಘಾಟನೆಯುಂಟು, ಫಲಕದ ಮುಂದೆ ನಿಂತು ತೆಗೆಯಿಸಿಕೊಳ್ಳಬಹುದಾದ ಛಾಯಾಚಿತ್ರವುಂಟು. ನೂರಡಿ ಆಳದಲ್ಲಿ ನೀರಿನೊಳಗೆ ಕುಳಿತು ಮೌನವಾಗಿ ವಿದ್ಯುತ್ತನ್ನು ಉಳಿಸುವ ಮೋಟರಿಗೆ ಅದಾವುದೂ ಇಲ್ಲವೆಂಬುದು ಇದರ ಒಂದು ಕಾರಣವಿರಬಹುದು.

ಈಗ ಸೂರ್ಯನ ಮಾತು. ಏಪ್ರಿಲ್ ಮೇ ತಿಂಗಳುಗಳಲ್ಲಿ 40 ಡಿಗ್ರಿಯನ್ನು ಮೀರುವ ನಮ್ಮ ಬಿಸಿಲು ಸೌರವಿದ್ಯುತ್ತಿಗೆ ಸಂಪತ್ತೆಂದು ಎಲ್ಲರೂ ಹೇಳುತ್ತಾರೆ. ಅದು ಸುಳ್ಳಲ್ಲ, ಆದರೆ ಫಲಕಕ್ಕೆ ಬೇಕಾದುದು ಬೆಳಕೇ ಹೊರತು ಕಾವಲ್ಲ, 25 ಡಿಗ್ರಿಯನ್ನು ಮೀರಿ ಫಲಕವು ಕಾದಂತೆಲ್ಲ ಪ್ರತಿ ಡಿಗ್ರಿಗೆ ಅದರ ಉತ್ಪನ್ನ ಶೇ. 0.4ರ ಆಸುಪಾಸಿನಲ್ಲಿ ಕುಗ್ಗುತ್ತದೆ, ನಮ್ಮ ಎರೆಮಣ್ಣಿನ ಧೂಳು ಕುಳಿತರೆ ಇನ್ನಷ್ಟು ಕುಗ್ಗುತ್ತದೆ ಎಂಬುದನ್ನೂ ಹೇಳಬೇಕು. ಈ ಎಲ್ಲ ನ್ಯೂನತೆಗಳನ್ನು ಕಳೆದರೂ ಒಂದು ಕಿಲೋವಾಟ್ ಫಲಕವು ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಕೊಡುತ್ತದೆ. ಕರ್ನಾಟಕ ವಿದ್ಯುತ್ ನಿಗಮವು ರಾಜ್ಯದಲ್ಲಿ ತನ್ನ ಪ್ರಾರಂಭದ ಸೌರಸ್ಥಾವರಗಳಿಗೆ ಸ್ಥಳಗಳನ್ನು ಆರಿಸಿದಾಗ ಕೋಲಾರದ ಯಲೇಸಂದ್ರ, ಚಿಕ್ಕೋಡಿಯ ಇಟ್ನಾಳಗಳ ಜೊತೆಯಲ್ಲಿ ರಾಯಚೂರು ಜಿಲ್ಲೆಯ ಯಾಪಲದಿನ್ನಿಯೂ ಒಂದಾಗಿತ್ತು. ಮೂರು ಮೆಗಾವಾಟಿನ ಆ ಸ್ಥಾವರವನ್ನು ಈ ಜಿಲ್ಲೆಯ ಶಾಲೆಯ ಮಕ್ಕಳಿಗೆ ತೋರಿಸಬೇಕೆಂದು ನಾನು ಬಯಸುತ್ತೇನೆ, ಏಕೆಂದರೆ ವಿದ್ಯುತ್ತೆಂದರೆ ಚಿಮಣಿಯೂ ಬೂದಿಯೂ ಎಂದೇ ಬೆಳೆದ ಜಿಲ್ಲೆ ಇದು.

ಸೌರವಿದ್ಯುತ್ತಿನ ದೊಡ್ಡ ಉಪಕಾರ, ನನ್ನ ದೃಷ್ಟಿಯಲ್ಲಿ, ಅದು ಹಗಲಿನಲ್ಲಿ ಬರುತ್ತದೆಂಬುದು. ನಗರಗಳ ಬೇಡಿಕೆ ಇಳಿದ ಮೇಲೆ ಉಳಿದುದನ್ನು ಹಳ್ಳಿಯ ತ್ರಿಫೇಸಿಗೆ ಕೊಡುವ ಪದ್ಧತಿಯಿಂದಾಗಿ, ಪಂಪ್‌ಸೆಟ್ಟಿನ ಪಾಳಿ ಬಹುಕಾಲದಿಂದ ರಾತ್ರಿಯ ಪಾಳಿಯೇ ಆಗಿದೆ. ಹಾವು ಚೇಳುಗಳಿಗೆ ಅಂಜಿ, ಬ್ಯಾಟರಿ ಹಿಡಿದು ಬದುವಿನ ಮೇಲೆ ಹೋಗಲೊಲ್ಲದ ರೈತನು ಆಟೋಸ್ಟಾರ್ಟರ್ ಹಾಕಿ ಮಲಗುತ್ತಾನೆ. ನಡುರಾತ್ರಿ ಕರೆಂಟು ಬಂದಾಗ ಮೋಟರು ತಾನೇ ಚಾಲೂ ಆಗಿ, ಮಡಿ ತುಂಬಿ, ಬದು ಒಡೆದು, ನೀರು ರಸ್ತೆಯ ಮೇಲೆ ಹರಿಯುತ್ತದೆ. 2023ರ ಬರಗಾಲದಲ್ಲಿ ಪಂಪ್‌ಸೆಟ್ಟುಗಳಿಗೆ ಐದು ತಾಸಿಗೆ ಇಳಿದ ವಿದ್ಯುತ್ತನ್ನು ಏಳು ತಾಸಿಗೆ ಏರಿಸಬೇಕೆಂದು ನಮ್ಮ ಭತ್ತದ ರೈತರು ಬೀದಿಗಿಳಿಯಬೇಕಾಯಿತು. ತಾಸುಗಳ ಸಂಖ್ಯೆಯಷ್ಟೇ ಅವುಗಳ ವೇಳೆಯೂ ಮುಖ್ಯವೆಂಬುದು ಆಗಿನ ಚರ್ಚೆಯಲ್ಲಿ ಹಿಂದೆ ಬಿದ್ದಿತು; ಕಣ್ಣೆದುರಿನಲ್ಲಿ ಹಾಯುವ ಹಗಲಿನ ಐದು ತಾಸಿನ ನೀರು ನಿದ್ದೆಯಲ್ಲಿ ಸೋರಿಹೋಗುವ ರಾತ್ರಿಯ ಏಳು ತಾಸಿಗಿಂತ ಹೆಚ್ಚು ಬೆಳೆಯನ್ನು ಉಳಿಸಬಲ್ಲುದು.

ಇದಕ್ಕೆ ಮಾರ್ಗ ತೆರೆದಿದೆ. ಕೇಂದ್ರ ಸರ್ಕಾರದ ಕುಸುಮ್ ಯೋಜನೆ 2019ರಲ್ಲಿ ಆರಂಭವಾಯಿತು. ಅದರ ಒಂದು ಅಂಗದಲ್ಲಿ ಕೃಷಿ ಫೀಡರುಗಳಿಗೆ, ಅಂದರೆ ಹೊಲಗಳ ವಿದ್ಯುತ್ ಲೈನುಗಳಿಗೆ, ಉಪಕೇಂದ್ರದ ಸಮೀಪದಲ್ಲಿಯೇ ಸಣ್ಣ ಸೌರಸ್ಥಾವರವನ್ನು ಕಟ್ಟಿ ಹಗಲಿನಲ್ಲಿ ವಿದ್ಯುತ್ ಕೊಡುವ ಏರ್ಪಾಡಿದೆ. ರಾಜ್ಯದಲ್ಲಿ 2025ರ ಜೂನ್ ತಿಂಗಳಿನಲ್ಲಿ ಗೌರಿಬಿದನೂರು ತಾಲ್ಲೂಕಿನಲ್ಲಿ ಅದಕ್ಕೆ ವಿಧ್ಯುಕ್ತವಾದ ಚಾಲನೆ ದೊರೆಯಿತು. ಹಿಂದೆ ನಿರಂತರ ಜ್ಯೋತಿ ಯೋಜನೆಯಲ್ಲಿ ಊರಿನ ದೀಪದ ಲೈನನ್ನೂ ಹೊಲದ ಲೈನನ್ನೂ ಬೇರ್ಪಡಿಸಿದ್ದರ ಪೂರ್ಣಪ್ರಯೋಜನ ಈಗ ದೊರೆಯಬಹುದಾಗಿದೆ. ಆದರೆ ಇಲ್ಲಿಯೇ ನಾನು ಆರಂಭದಲ್ಲಿ ಹೇಳಿದ ಕ್ರಮದ ಪ್ರಶ್ನೆ ಎದುರಾಗುತ್ತದೆ. ಫೀಡರಿನ ಈಗಿನ ಬಳಕೆಯನ್ನು ಆಧಾರವಾಗಿಟ್ಟುಕೊಂಡು ಸ್ಥಾವರದ ಗಾತ್ರವನ್ನು ನಿರ್ಣಯಿಸಿದರೆ, ಸುಟ್ಟು ಸುಟ್ಟು ಕೆಟ್ಟ ಮೋಟರುಗಳ ಅಪವ್ಯಯಕ್ಕೂ ಸೇರಿಸಿಯೇ ಫಲಕಗಳನ್ನು ಹಾಸಬೇಕಾಗುತ್ತದೆ. ಒಂದು ಮೆಗಾವಾಟಿಗೆ ನಾಲ್ಕೈದು ಎಕರೆ ಭೂಮಿ ಬೇಕು. ಮೊದಲು ಮೋಟರುಗಳನ್ನು ಸರಿಪಡಿಸಿ ದಕ್ಷತೆಯನ್ನು ಶೇ. 30ರಿಂದ 50ಕ್ಕೆ ಏರಿಸಿದರೆ, ಹತ್ತು ಎಕರೆಯಲ್ಲಿ ಮಾಡಬೇಕಾದ ಕೆಲಸ ಆರು ಎಕರೆಯಲ್ಲಿ ಆಗುತ್ತದೆ. ಉಳಿದ ನಾಲ್ಕು ಎಕರೆಯಲ್ಲಿ ಜೋಳ ಬೆಳೆಯಬಹುದು, ತೊಗರಿ ಬೆಳೆಯಬಹುದು, ದನಗಳು ಮೇಯಬಹುದು. ಫಲಕಗಳನ್ನು ಹಾಸಿ ಇಪ್ಪತ್ತೈದು ವರ್ಷಗಳ ಕರಾರಿಗೆ ಸಹಿಮಾಡಿದ ತರುವಾಯ ಈ ವಿವೇಕ ಬಂದರೆ ಪ್ರಯೋಜನವಿಲ್ಲ.

ಇನ್ನೊಂದು ವಿಷಯವನ್ನು, ಕೆಲವರಿಗೆ ಅಪ್ರಿಯವಾಗಬಹುದಾದರೂ, ಹೇಳಲೇಬೇಕಾಗಿದೆ. ಎಡದಂಡೆ ನಾಲೆಯ ಮೇಲ್ಭಾಗದಲ್ಲಿ ಅಕ್ರಮವಾಗಿ ಪಂಪ್‌ಸೆಟ್ಟುಗಳನ್ನು ಹಚ್ಚಿ ನೀರೆತ್ತುವುದರಿಂದ ಕೊನೆಭಾಗದ ರೈತರು ವಂಚಿತರಾಗುತ್ತಿದ್ದಾರೆಂಬುದು ದಶಕಗಳಿಂದ ನಡೆದುಬಂದ ದೂರು. ನಾಲೆಗೆ ನೀರು ಬಿಟ್ಟ ದಿನಗಳಲ್ಲಿ ಜಿಲ್ಲಾಡಳಿತವು ನಾಲೆಯಂಚಿನ ಪಂಪ್‌ಸೆಟ್ಟುಗಳ ವಿದ್ಯುತ್ತನ್ನು ಕಡಿತಮಾಡಿಸಿ, ಕಾವಲು ಹಾಕಿ, ಕೆಳಗಿನವರಿಗೆ ನೀರು ಮುಟ್ಟಿಸುವ ಕ್ರಮವನ್ನು ಅನುಸರಿಸುತ್ತ ಬಂದಿದೆ. ವಿದ್ಯುತ್ತು ಕಂಪನಿಯ ತಂತಿಯಲ್ಲಿ ಬರುವವರೆಗೆ ಅದನ್ನು ನಿಲ್ಲಿಸುವ ಕೀಲಿಯಾದರೂ ಸಾರ್ವಜನಿಕರ ಕೈಯಲ್ಲಿದೆ. ನಾಲೆಯಂಚಿನ ಪ್ರತಿಯೊಬ್ಬನೂ ಸ್ವಂತದ ಸೌರಪಂಪನ್ನು ಹೂಡಿದರೆ, ಸೂರ್ಯನ ಸ್ವಿಚ್ಚನ್ನು ಯಾವ ಅಧಿಕಾರಿ ಆರಿಸಬಲ್ಲನು? ಒಣಭೂಮಿಯ ಬೋರುಗಳ ವಿಷಯದಲ್ಲಿಯೂ ಇದೇ ಭಯ: ಖರ್ಚಿಲ್ಲದೆ ಬೆಳಗಿನಿಂದ ಸಂಜೆಯವರೆಗೆ ಓಡುವ ಪಂಪು ಅಂತರ್ಜಲವನ್ನು ತಳಮುಟ್ಟಿಸೀತು. ಇಂಗಾಲವಿಲ್ಲದ ವಿದ್ಯುತ್ತು ತಾನೇ ತಾನಾಗಿ ನ್ಯಾಯವನ್ನು ತರುವುದಿಲ್ಲ. ಶುದ್ಧವಾದ ವಿದ್ಯುತ್ತಿನಿಂದ ಮಾಡಿದ ನೀರಿನ ಕಳ್ಳತನವೂ ಕಳ್ಳತನವೇ. ಆದುದರಿಂದ ನಾಲೆಯ ಪ್ರದೇಶದಲ್ಲಿ ಬಿಡಿಬಿಡಿಯಾದ ಸೌರಪಂಪಿಗಿಂತ ಫೀಡರಿಗೆ ಸೇರಿಸಿದ ಸಾಮೂಹಿಕ ಸೌರಸ್ಥಾವರವೇ ಶ್ರೇಯಸ್ಕರ ಎಂಬುದು ನನ್ನ ದೃಢಾಭಿಪ್ರಾಯ.

ಉಚಿತ ವಿದ್ಯುತ್ತಿನ ಪ್ರಶ್ನೆಯನ್ನು ತಪ್ಪಿಸಿಕೊಂಡು ಈ ಚರ್ಚೆಯನ್ನು ಮುಗಿಸಲಾಗದು. ಹತ್ತು ಎಚ್.ಪಿ.ವರೆಗಿನ ಪಂಪ್‌ಸೆಟ್ಟುಗಳಿಗೆ ರಾಜ್ಯವು ಬಿಲ್ಲು ಹಾಕುವುದಿಲ್ಲ. 2023ರಿಂದ ಗೃಹಜ್ಯೋತಿಯ ಮೂಲಕ ಮನೆಗಳಿಗೂ ಮಿತಿಯೊಳಗಿನ ಬಳಕೆ ಉಚಿತವಾಗಿದೆ. ಇದನ್ನು ಕಿತ್ತುಕೊಳ್ಳಿರೆಂದು ಹೇಳುವವರು ನಮ್ಮ ಸೀಮೆಯ ಸಾಲದ ಹೊರೆಯನ್ನು ಕಂಡವರಲ್ಲ. ಆದರೆ ಉಚಿತವಾದುದನ್ನು ಉಳಿಸಿದವನಿಗೆ ಏನು ಲಾಭ? ಪಂಜಾಬು 2018ರಲ್ಲಿ ಒಂದು ಪ್ರಯೋಗವನ್ನು ಆರಂಭಿಸಿತು: ಪಂಪ್‌ಸೆಟ್ಟಿಗೆ ಇಷ್ಟು ಯೂನಿಟ್ಟೆಂದು ಗೊತ್ತುಮಾಡಿ, ಅದಕ್ಕಿಂತ ಕಡಿಮೆ ಬಳಸಿದ ರೈತನಿಗೆ ಉಳಿಸಿದ ಪ್ರತಿ ಯೂನಿಟ್ಟಿಗೆ 4 ರೂಪಾಯಿಯಂತೆ ಆತನ ಖಾತೆಗೆ ಹಣ ತುಂಬುವುದು, ಹೆಚ್ಚು ಬಳಸಿದವನಿಗೆ ದಂಡವಿಲ್ಲ. ಗುಜರಾತಿನ ಖೇಡಾ ಜಿಲ್ಲೆಯ ಢುಂಢಿ ಎಂಬ ಹಳ್ಳಿಯಲ್ಲಿ ಸೌರಪಂಪಿನ ರೈತರು ಸಹಕಾರಿ ಸಂಘ ಕಟ್ಟಿಕೊಂಡು, 2016ರಿಂದ, ತಮ್ಮ ಪೈರಿಗೆ ಸಾಕಾದಮೇಲೆ ಉಳಿದ ವಿದ್ಯುತ್ತನ್ನು ಕಂಪನಿಗೆ ಮಾರತೊಡಗಿದರು. ನಮ್ಮ ರಾಜ್ಯದಲ್ಲಿಯೂ ಕನಕಪುರದ ಹಾರೋಬೆಲೆಯಲ್ಲಿ ಸೂರ್ಯರೈತ ಎಂಬ ಹೆಸರಿನಿಂದ ಅಂತಹದೇ ಪ್ರಯತ್ನ ನಡೆಯಿತು. ಇವುಗಳಲ್ಲಿ ಯಾವುದೂ ಪರಿಪೂರ್ಣವೆಂದು ನಾನು ಹೇಳುವುದಿಲ್ಲ. ಆದರೆ ಉಳಿತಾಯವು ರೈತನ ಆದಾಯವಾಗಬೇಕೆಂಬ ತತ್ತ್ವ ಸಾಧುವಾದುದು. ಉಪದೇಶದಿಂದ ಆಗದೆ ಹೋದ ಕಾರ್ಯ ಅದರಿಂದ ಆಗುವ ಸಂಭವವುಂಟು.

ದೊಡ್ಡ ಸೌರೋದ್ಯಾನಗಳನ್ನು ನಾನು ನಿರಾಕರಿಸುವವನಲ್ಲ. ಪಾವಗಡದ ತಿರುಮಣಿ ಮೊದಲಾದ ಐದು ಊರುಗಳ 13,000 ಎಕರೆಯಲ್ಲಿ ಹರಡಿರುವ 2,050 ಮೆಗಾವಾಟಿನ ಶಕ್ತಿಸ್ಥಳ, ರೈತರ ಭೂಮಿಯನ್ನು ಕೊಳ್ಳದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭಿಸಿ ಕಾಲಕಾಲಕ್ಕೆ ಏರುವ ಗುತ್ತಿಗೆಗೆ ಪಡೆದು ನಿರ್ಮಿತವಾದುದು. ಅದು ನಾಡಿಗೆ ಗೌರವ ತಂದ ಕಾರ್ಯ. ಭೂಮಿಯುಳ್ಳವನಿಗೆ ಅಲ್ಲಿ ಗುತ್ತಿಗೆ ಸಂದಿತು, ಆದರೆ ಆ ಹೊಲಗಳಲ್ಲಿ ಕಳೆ ತೆಗೆದು ಕೂಲಿ ಮಾಡುತ್ತಿದ್ದ ಭೂಹೀನನಿಗೆ ಏನು ಸಂದಿತು ಎಂಬ ಪ್ರಶ್ನೆಯನ್ನು ಮಾತ್ರ ಮರೆಯಲಾಗದು. ಕುಷ್ಟಗಿ ಯಲಬುರ್ಗಾಗಳ ಬಯಲಿನಲ್ಲಿ ತಿರುಗುತ್ತಿರುವ ಗಾಳಿಯಂತ್ರಗಳನ್ನು ನೋಡಿದಾಗಲೂ ಅದೇ ಪ್ರಶ್ನೆ ಏಳುತ್ತದೆ. ಕೊಯಮತ್ತೂರು ಜಿಲ್ಲೆಯ ಓಡಂತುರೈ ಗ್ರಾಮಪಂಚಾಯಿತಿಯು 2006ರಲ್ಲಿ 350 ಕಿಲೋವಾಟಿನ ಗಾಳಿಯಂತ್ರವನ್ನು ತನ್ನದೇ ಹೆಸರಿನಲ್ಲಿ ಕೊಂಡು, ಊರಿನ ಬಳಕೆಗೆ ಮಿಕ್ಕಿದ ವಿದ್ಯುತ್ತಿನಿಂದ ಪಂಚಾಯಿತಿಗೆ ಆದಾಯವನ್ನು ಗಳಿಸಿತು. ನಮ್ಮಲ್ಲಿಯೇ ಬೆಳಗಾವಿ ಜಿಲ್ಲೆಯ ಹುಕ್ಕೇರಿಯ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ 1969ರಿಂದ ತಾಲ್ಲೂಕಿಗೆ ವಿದ್ಯುತ್ ಹಂಚುತ್ತ ಬಂದಿದೆ. ಸಹಕಾರದಿಂದ ವಿದ್ಯುತ್ತನ್ನು ನಿರ್ವಹಿಸಲಾಗದೆಂದು ಹೇಳುವವರಿಗೆ ಹುಕ್ಕೇರಿ ಅರ್ಧಶತಮಾನದ ಉತ್ತರ.

ಮನೆ ಮತ್ತು ಗಿರಣಿಗಳ ಮಾತನ್ನು ಸಂಕ್ಷೇಪವಾಗಿ ಹೇಳಿ ಮುಂದೆ ಹೋಗುತ್ತೇನೆ. 2015ರಲ್ಲಿ ಹೊಸಬೆಳಕು ಯೋಜನೆ ಬಂದು, 60 ವಾಟಿನ ಹಳೆಯ ಬಲ್ಬಿನ ಜಾಗದಲ್ಲಿ 9 ವಾಟಿನ ಎಲ್.ಇ.ಡಿ. ಬಲ್ಬು ನಮ್ಮ ಹಳ್ಳಿಗಳಲ್ಲಿ ಯಾವ ಗದ್ದಲವೂ ಇಲ್ಲದೆ ನೆಲೆಯೂರಿತು. ಫ್ಯಾನಿನ ವಿಷಯದಲ್ಲಿ ಅಂತಹದು ಇನ್ನೂ ಆಗಬೇಕಾಗಿದೆ. ನಮ್ಮ ಸೆಕೆಯಲ್ಲಿ ದಿನಕ್ಕೆ ಹದಿನೈದು ತಾಸು ತಿರುಗುವ 75 ವಾಟಿನ ಫ್ಯಾನು ಒಂದು ಯೂನಿಟ್ಟಿಗೂ ಮಿಕ್ಕಿ ಬಳಸುತ್ತದೆ. 30 ವಾಟಿನ ಬಿ.ಎಲ್.ಡಿ.ಸಿ. ಫ್ಯಾನು ಅದೇ ಗಾಳಿಗೆ ಅರ್ಧ ಯೂನಿಟ್ಟನ್ನೂ ಬಳಸುವುದಿಲ್ಲ. ಅದರ ಬೆಲೆ ಬಡವನಿಗೆ ದುಬಾರಿಯಾದುದರಿಂದ ಬಲ್ಬಿನ ಹಾಗೆಯೇ ಅದೂ ಕಂತಿನ ಮೇಲೆ ಸರ್ಕಾರದ ಮೂಲಕ ಬರಬೇಕು. ಭತ್ತದ ಗಿರಣಿಗಳು ತಮ್ಮ ಹೊಟ್ಟನ್ನು ಬಾಯ್ಲರಿಗೆ ಹಾಕಿ ಸದ್ವಿನಿಯೋಗ ಮಾಡುವುದನ್ನು ಹಿಂದೆಯೇ ಕಲಿತಿವೆ, ಭತ್ತದ ತೂಕದ ಐದರಲ್ಲೊಂದು ಭಾಗದಷ್ಟು ಹೊಟ್ಟು ಅಲ್ಲಿ ಉತ್ಪನ್ನವಾಗುತ್ತದಷ್ಟೆ. ಅವುಗಳ ವಿಶಾಲವಾದ ತಗಡಿನ ಮಾಳಿಗೆಗಳು ಸೌರಫಲಕಗಳಿಗೆ ತಾವಾಗಿಯೇ ಸಿದ್ಧವಾಗಿ ನಿಂತಿವೆ. ಒಂದು ಗುಂಟೆ ಹೊಲವೂ ಅದಕ್ಕೆ ಬೇಡ.

ಮಾಡಬೇಕಾದುದೇನೆಂಬುದನ್ನು ಸ್ಪಷ್ಟವಾಗಿ ಹೇಳುತ್ತೇನೆ. ನಮ್ಮ ಸೀಮೆಯ ವಿದ್ಯುತ್ ಕಂಪನಿಯಾದ ಜೆಸ್ಕಾಂ ಸಂಸ್ಥೆಯು ಸಿಂಧನೂರು, ಮಸ್ಕಿ, ಲಿಂಗಸುಗೂರು ತಾಲ್ಲೂಕುಗಳಲ್ಲಿ ಒಂದೊಂದು ಕೃಷಿ ಫೀಡರನ್ನು ಆರಿಸಿಕೊಳ್ಳಲಿ. ರಾಯಚೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಕೃಷಿ ಎಂಜಿನಿಯರಿಂಗ್ ಕಾಲೇಜು ಇದೆ. ಅಲ್ಲಿನ ಅಧ್ಯಾಪಕರೂ ವಿದ್ಯಾರ್ಥಿಗಳೂ ಆ ಫೀಡರುಗಳ ಪ್ರತಿಯೊಂದು ಪಂಪ್‌ಸೆಟ್ಟನ್ನು ಹೊಲಕ್ಕೇ ಹೋಗಿ ಅಳೆದು, ಎಷ್ಟು ನೀರಿಗೆ ಎಷ್ಟು ಯೂನಿಟ್ಟೆಂಬುದನ್ನು ರೈತನ ಮುಂದೆಯೇ ಬರೆದುಕೊಡಲಿ. ಕೆಟ್ಟ ಮೋಟರುಗಳನ್ನು ಸರ್ಕಾರದ ವೆಚ್ಚದಲ್ಲಿ ಬದಲಾಯಿಸಿ, ವೈಂಡಿಂಗ್ ಕೆಲಸಗಾರರಿಗೆ ಸ್ಟೇಟರು ಸುಡದೆ ತಂತಿ ತೆಗೆಯುವ ಸಲಕರಣೆಯನ್ನೂ ತರಬೇತಿಯನ್ನೂ ಕೊಟ್ಟು, ಆಮೇಲೆ ಫೀಡರಿನ ಹೊಸ ಬಳಕೆಗೆ ತಕ್ಕ ಗಾತ್ರದ ಸೌರಸ್ಥಾವರವನ್ನು ಕಟ್ಟಲಿ. ಅದರಲ್ಲಿ ಗ್ರಾಮಪಂಚಾಯಿತಿಗೂ ರೈತರ ಸಂಘಕ್ಕೂ ಪಾಲಿರಲಿ. ಇದಕ್ಕೆ ಬೇಕಾದ ಹಣವು ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ವಾರ್ಷಿಕ ಅನುದಾನದ ಮುಂದೆ ಅತ್ಯಲ್ಪವಾದುದು. ಮಂಡಳಿಯು ರಸ್ತೆಗೂ ಕಟ್ಟಡಕ್ಕೂ ಕೊಡುವ ಗಮನದಲ್ಲಿ ಒಂದು ಅಂಶವನ್ನು ಮೋಟರಿಗೆ ಕೊಟ್ಟರೆ ಸಾಕು.

ಓದುಗರಲ್ಲಿ ಒಂದು ವಿಜ್ಞಾಪನೆ. ನಿಮ್ಮ ಊರಿನ ಮುಂದಿನ ಗ್ರಾಮಸಭೆಯಲ್ಲಿ ರಸ್ತೆ ಚರಂಡಿಗಳ ಮಾತಾದ ಮೇಲೆ ಎದ್ದು ನಿಂತು ಎರಡು ಪ್ರಶ್ನೆಗಳನ್ನು ಕೇಳಿರಿ: ನಮ್ಮ ಹೊಲದ ಲೈನಿಗೆ ಹಗಲಿನ ವಿದ್ಯುತ್ತು ಯಾವಾಗ ಬರುತ್ತದೆ, ಅದು ಬರುವುದಕ್ಕೆ ಮೊದಲು ನಮ್ಮ ಮೋಟರುಗಳನ್ನು ಯಾರು ಅಳೆಯುತ್ತಾರೆ? ಉತ್ತರವನ್ನು ಠರಾವಿನ ಪುಸ್ತಕದಲ್ಲಿ ಬರೆಯಿಸಿ, ಅದರ ಪ್ರತಿಯನ್ನು ಜೆಸ್ಕಾಂ ಕಚೇರಿಗೆ ಮುಟ್ಟಿಸಿರಿ.